ಗ್ರೆಗರ್ ಸಾಮ್ಸಾನ ಮನೇಲಿ ಯಾರು ಯಾರನ್ನ ಸಾಕ್ತಿದಾರೆ? ‘ಮೆಟಮಾರ್ಫಾಸಿಸ್’ ಹೀಗೊಂದ್ಸಲ ಓದಿ ನೋಡಿ

1915ರಲ್ಲಿ ಬಂದ ಫ್ರಾಂಜ್ ಕಾಫ್ಕಾನ ಈ ಕಥೇಲಿ ಗ್ರೆಗರ್ ಸಾಮ್ಸಾ ಒಂದು ಬೆಳಿಗ್ಗೆ ಏಳೋಷ್ಟ್ರಲ್ಲಿ ದೊಡ್ಡ ಹುಳ ಆಗಿರ್ತಾನೆ. ಓದೋಕೆ ಕೂತ್ರೆ ಎಲ್ರೂ ಮೊದ್ಲು ಹುಳದ ಹಿಂದೆನೇ ಬೀಳ್ತಾರೆ, ಜಿರಳೆನಾ, ಜೀರುಂಡೆನಾ, ಯಾಕೆ ಹಂಗಾಯ್ತು ಅಂತ. ಅದನ್ನ ಪಕ್ಕಕ್ಕಿಡಿ. ಒಂದು ಪೆನ್ಸಿಲ್ ತಗೊಂಡು ದುಡ್ಡು, ಸಾಲ, ಕೆಲಸ, ಊಟ ಇವು ಎಲ್ಲೆಲ್ಲಿ ಬರುತ್ತೋ ಅಲ್ಲೆಲ್ಲ ಗೆರೆ ಹಾಕ್ತಾ ಹೋಗಿ.

ಕಥೆಗೆ ಮೂರು ಭಾಗ. ಮೊದಲನೇದ್ರಲ್ಲಿ ಮೈಯೆಲ್ಲ ಹುಳ ಆಗಿರೋ ಮನುಷ್ಯ ಯೋಚ್ನೆ ಮಾಡ್ತಿರೋದು ಏನು ಅಂತ ಗಮನಿಸಿ: ನಾಲ್ಕಕ್ಕೆ ಅಲಾರಂ ಇಟ್ಟಿದ್ದೆ, ಆಗ್ಲೇ ಆರೂವರೆ, ಐದರ ರೈಲು ಹೋಯ್ತು, ಸ್ಯಾಂಪಲ್ ಬೇರೆ ಪ್ಯಾಕ್ ಮಾಡಿಲ್ಲ! ಬಟ್ಟೆ ಕಂಪ್ನಿ ಸೇಲ್ಸ್‌ಮನ್ ಅಲ್ವಾ. ಅಪ್ಪ ಅಮ್ಮ ಸಾಲ ಮಾಡಿರೋದೂ ಇವನ ಬಾಸ್ ಹತ್ರನೇ, ಅದನ್ನ ತೀರ್ಸೋಕೆ ಇನ್ನೂ ಐದಾರು ವರ್ಷ ಬೇಕು, ಅಲ್ಲೀವರೆಗೆ ಕೆಲಸ ಬಿಡೋ ಹಂಗೂ ಇಲ್ಲ.

ಎರಡನೇ ಭಾಗ ನಿಧಾನಕ್ಕೆ ಓದಿ, ಸಾಧ್ಯ ಆದ್ರೆ ಎರಡು ಸಲ. ಬಾಗಿಲ ಹಿಂದೆ ಕೂತು ಮನೆಯವರ ಮಾತು ಕೇಳ್ತಿರುವಾಗ ಗ್ರೆಗರ್‌ಗೆ ಗೊತ್ತಾಗುತ್ತೆ, ವ್ಯಾಪಾರ ಮುಳುಗಿದ್ರೂ ಅಪ್ಪ ಅದ್ರಲ್ಲಿ ಸ್ವಲ್ಪ ಉಳಿಸ್ಕೊಂಡಿದ್ದಾನೆ, ಜೊತೆಗೆ ಇವನು ತಿಂಗಳ ತಿಂಗಳ ಕೊಟ್ಟ ದುಡ್ಡಲ್ಲೂ ಒಂದಷ್ಟು ಮಿಕ್ಕಿದೆ ಅಂತ. ಅದೇ ದುಡ್ಡು ಸಾಲಕ್ಕೆ ಹಾಕಿದ್ರೆ ಇವನಿಗೆ ಬೇಗ ಬಿಡುಗಡೆ ಸಿಗ್ತಿತ್ತು! ಯಾರಾದ್ರೂ ಸಿಟ್ಟಾಗ್ಬೇಕು, ಇವನು ಖುಷಿ ಪಡ್ತಾನೆ, ಅಪ್ಪ ಮಾಡಿದ್ದೇ ಸರಿ ಅಂತಾನೆ. ಇಲ್ಲಿ ನಿಲ್ಸಿ ಕೇಳ್ಕೊಳ್ಳಿ, ಇವನಿಗೆ ಬಿಡುಗಡೆ ನಿಜವಾಗ್ಲೂ ಬೇಕಿತ್ತಾ? ಇಷ್ಟು ಚೆನ್ನಾಗಿರೋ ಮನೇಲಿ ಇವರನ್ನೆಲ್ಲ ಇಟ್ಟಿದೀನಲ್ಲ ಅನ್ನೋ ಹೆಮ್ಮೆ, ಕ್ರಿಸ್‌ಮಸ್ ಹಿಂದಿನ ರಾತ್ರಿ ತಂಗಿ ಗ್ರೆಟಾಗೆ ನಿನ್ನ ಸಂಗೀತ ಶಾಲೆಗೆ ಕಳಿಸ್ತೀನಿ ಅಂತ ಹೇಳ್ಬೇಕು ಅನ್ನೋ ಪ್ಲಾನು, ಇವೆಲ್ಲ ಅವನು ಕೊಡೋನಾಗಿ ಇರೋವರೆಗೆ ಮಾತ್ರ. ಅವರಿಗೆ ಅವನ ಸಂಬಳ ಬೇಕು, ಅವನಿಗೆ ಅವರ ಕೊರತೆ ಬೇಕು.

ಊಟದ ಲೆಕ್ಕನೂ ಇಲ್ಲೇ ಶುರು. ಅವನಿಗೆ ಇಷ್ಟ ಅಂತ ತಂಗಿ ಹಾಲು ಇಡ್ತಾಳೆ, ಅವನಿಗೆ ಅದು ರುಚಿಸಲ್ಲ, ಆಮೇಲೆ ಹಳೇ ಪೇಪರ್ ಹಾಸಿ ಅರ್ಧ ಕೊಳೆತ ತರಕಾರಿ, ಹಿಂದೆ ಅವನೇ ತಿನ್ನೋಕಾಗಲ್ಲ ಅಂದಿದ್ದ ಚೀಸ್, ಏನೇನೋ ಇಟ್ಟು ಯಾವುದು ಹಿಡಿಸುತ್ತೆ ಅಂತ ನೋಡ್ತಾಳೆ. ಮೂರನೇ ಭಾಗಕ್ಕೆ ಬರೋಷ್ಟ್ರಲ್ಲಿ ಅದೇ ಹುಡುಗಿ ಕೈಗೆ ಸಿಕ್ಕಿದ್ದನ್ನ ಕಾಲಲ್ಲಿ ಒಳಗೆ ತಳ್ಳಿ ಹೋಗ್ತಾಳೆ. ಮಧ್ಯೆ ಏನಾಯ್ತು ಅನ್ನೋದನ್ನ ಹಿಂದಕ್ಕೆ ಹೋಗಿ ಹುಡುಕಿ. (ಬೆನ್ನಿಗೆ ಅಪ್ಪ ಎಸೆದ ಸೇಬಿನ ಬಗ್ಗೆ ಎಲ್ರೂ ಬರೀತಾರೆ, ನನಗೆ ಈ ಕಾಲಲ್ಲಿ ತಳ್ಳೋದೇ ಜಾಸ್ತಿ ಚುಚ್ಚುತ್ತೆ.)

ಮೂರನೇ ಭಾಗದಲ್ಲಿ ಅಪ್ಪ ಬ್ಯಾಂಕಿನಲ್ಲಿ ಜವಾನ, ಅಮ್ಮ ಹೊಲಿಗೆ, ತಂಗಿ ಅಂಗಡೀಲಿ ಕೆಲಸ ಮಾಡಿ ರಾತ್ರಿ ಶಾರ್ಟ್‌ಹ್ಯಾಂಡ್, ಫ್ರೆಂಚ್ ಕಲಿಯೋದು, ಮೇಲಿಂದ ಮೂರು ಜನ ಬಾಡಿಗೆದಾರರು. ಇವರಿಗೆ ದುಡಿಯೋಕೆ ಮೊದ್ಲೂ ಆಗ್ತಿತ್ತು, ಹಾಗಾದ್ರೆ ಇವರೆಲ್ಲ ಸೋಮಾರಿಗಳು, ಮಗನ್ನ ಹೀರಿದ್ರು ಅಂತ ತೀರ್ಪು ಕೊಟ್ಟು ಪುಸ್ತಕ ಮುಚ್ಬೇಡಿ, ಅದು ತೀರಾ ಸುಲಭದ ಓದು. ಐದು ವರ್ಷ ಅವನು ಎಲ್ಲಾ ತಾನೇ ಹೊತ್ಕೊಂಡಿದ್ರಿಂದ ಅಪ್ಪ ದಪ್ಪ ಆಗಿ ಕುರ್ಚಿ ಬಿಟ್ಟು ಏಳದೇ ಇದ್ದದ್ದೂ ಹೌದಲ್ವಾ.

ಕೊನೇ ಪುಟದಲ್ಲಿ, ಅವನು ಸತ್ತ ಮೇಲೆ, ಮೂವರೂ ಟ್ರಾಮ್‌ನಲ್ಲಿ ಕೂತು ಮಾತಾಡ್ತಾರೆ: ಕೆಲಸಗಳು ಪರವಾಗಿಲ್ಲ, ಗ್ರೆಗರ್ ಆರಿಸಿದ್ದ ಮನೆ ಬಿಟ್ಟು ಇನ್ನೂ ಸಣ್ಣ, ಅಗ್ಗದ ಮನೆ ನೋಡ್ಬೇಕು. ಆಮೇಲೆ ಅಪ್ಪ ಅಮ್ಮ ಇಬ್ರೂ ಮಗಳ ಕಡೆ ನೋಡಿ ಇವಳಿಗೊಂದು ಒಳ್ಳೆ ಗಂಡು ಹುಡುಕ್ಬೇಕು ಅನ್ಕೊಳ್ತಾರೆ. ಅದಕ್ಕೂ ಒಂದು ಗೆರೆ ಹಾಕಿ, ಇನ್ಮೇಲೆ ಆ ಮನೆ ಯಾರ ಮೇಲೆ ಕಣ್ಣಿಟ್ಟಿದೆ ಅಂತ ಗೊತ್ತಾಗೋದು ಅಲ್ಲೇ.