ಬಾಕಿ ಕೆಲಸಗಳ ಪಟ್ಟಿಗೆ ವಿಮ್‌ನ ಮೂರು ಮ್ಯಾಕ್ರೊ ಸಾಕು

ಕೆಲಸದ ಪಟ್ಟಿ ಬರೆಯೋಕೆ ಅಂತ ಫೋನ್ ಕೈಗೆತ್ತಿಕೊಂಡರೆ ನಾನು ವಾಟ್ಸಾಪ್ ನೋಡಿ ವಾಪಸ್ ಇಡುತ್ತೇನೆ, ಪಟ್ಟಿ ಹಾಗೇ ಉಳಿಯುತ್ತದೆ. ದಿನವಿಡೀ ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್ ಅಂತೂ ತೆರೆದೇ ಇರುತ್ತದಲ್ವಾ? ಹಾಗಾಗಿ ಪಟ್ಟಿಯನ್ನೂ ಅಲ್ಲೇ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಅದು ಹೀಗಿದೆ:

- 0 ಗ್ಯಾಸ್ ಬುಕ್ ಮಾಡು
- 4 ಸ್ಕೂಟರ್ ಸರ್ವೀಸಿಗೆ ಬಿಡು
- 11 ಅತ್ತೆಗೆ ಫೋನ್ ಮಾಡು

+ 2 ಹಾಲಿನವರ ಲೆಕ್ಕ ಚುಕ್ತಾ

ಅಡ್ಡಗೆರೆ ಇದ್ದರೆ ಬಾಕಿ, + ಇದ್ದರೆ ಮುಗಿದದ್ದು. ಪಕ್ಕದ ಅಂಕಿ, ಆ ಕೆಲಸ ಎಷ್ಟು ದಿನದಿಂದ ಬಿದ್ದುಕೊಂಡಿದೆ ಅನ್ನುವುದು. ಬಾಕಿಗೂ ಮುಗಿದದ್ದಕ್ಕೂ ನಡುವೆ ಒಂದು ಖಾಲಿ ಸಾಲು ಇರಲೇಬೇಕು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮ್ಯಾಕ್ರೊ ಅಂದರೆ ದೊಡ್ಡ ವಿದ್ಯೆ ಏನಲ್ಲ. ನೀವು ಒತ್ತಿದ ಕೀಗಳನ್ನು ವಿಮ್ ನೆನಪಿಟ್ಟುಕೊಂಡು ಮತ್ತೆ ತಾನೇ ಒತ್ತುತ್ತದೆ. ನಾರ್ಮಲ್ ಮೋಡಿನಲ್ಲಿ, ಅಂದರೆ ಒತ್ತಿದ ಕೀ ಅಕ್ಷರವಾಗದೆ ಕಮಾಂಡ್ ಆಗುವ ಸ್ಥಿತಿಯಲ್ಲಿ, ಕ್ಯೂ ಒತ್ತಿ, ಆಮೇಲೆ ಒಂದು ಅಕ್ಷರ. ಆ ಅಕ್ಷರವೇ ಮ್ಯಾಕ್ರೊದ ಹೆಸರು. ಮಾಡುವ ಕೆಲಸ ಮಾಡಿ, ಕೊನೆಗೆ ಮತ್ತೆ ಕ್ಯೂ. ಓಡಿಸಲು @ ಒತ್ತಿ ಅದೇ ಅಕ್ಷರ. ಕೆಳಗೆ ಕ್ಯಾಪಿಟಲ್ ಅಂತ ಹೇಳದ ಕಡೆ ಎಲ್ಲವೂ ಸಣ್ಣಕ್ಷರ.

ಮೊದಲು 'ಮುಗಿಯಿತು' ಮ್ಯಾಕ್ರೊ. ಮುಗಿದ ಕೆಲಸದ ಸಾಲಿನ ಮೇಲೆ ಕರ್ಸರ್ ಇಟ್ಟು ಕ್ಯೂ, ಎ. ಈಗ ರೆಕಾರ್ಡಿಂಗ್ ಶುರು. ಸೊನ್ನೆ ಒತ್ತಿ, ಸಾಲಿನ ಶುರುವಿಗೆ ಹೋಗುತ್ತೀರಿ. ಆರ್ ಒತ್ತಿ +, ಅಡ್ಡಗೆರೆ ಜಾಗದಲ್ಲಿ ಪ್ಲಸ್ ಬರುತ್ತದೆ. ಡಿ ಡಿ, ಸಾಲು ಕತ್ತರಿಸಿತು. ಕ್ಯಾಪಿಟಲ್ ಜಿ, ಫೈಲಿನ ಕೊನೆಗೆ ಬಂದಿರಿ. ಪಿ, ಅಲ್ಲಿ ಅಂಟಿತು. ಆಮೇಲೆ ಸಿಂಗಲ್ ಕೋಟ್ ಕೀಯನ್ನು ಎರಡು ಸಲ, ಅಂದರೆ '' ಅಂತ ಒತ್ತಿ. ಜಿಗಿಯುವ ಮುಂಚೆ ಎಲ್ಲಿದ್ದಿರೋ ಅಲ್ಲಿಗೆ ವಾಪಸ್. ಕ್ಯೂ ಒತ್ತಿ ನಿಲ್ಲಿಸಿ. ಕರ್ಸರ್ ಈಗ ಮುಂದಿನ ಕೆಲಸದ ಮೇಲೆ ಇರುವುದರಿಂದ ಸಾಲಾಗಿ ಮೂರು ಕೆಲಸ ಮುಗಿದಿದ್ದರೆ 3 ಒತ್ತಿ @ ಎ ಅಂದರಾಯಿತು. ಒಂದೊಂದಾಗಿ ಮಾಡುವವರು ಮೊದಲ ಸಲದ ನಂತರ ಬರೀ @@ ಒತ್ತುತ್ತಾ ಹೋಗಬಹುದು.

ಎರಡನೆಯದೇ ನನಗೆ ಜಾಸ್ತಿ ಇಷ್ಟ. ವಿಮ್‌ನಲ್ಲಿ ಕಂಟ್ರೋಲ್-ಎ ಒತ್ತಿದರೆ ಸಾಲಿನಲ್ಲಿರುವ ಅಂಕಿ ಒಂದು ಹೆಚ್ಚಾಗುತ್ತದೆ, ಮತ್ತೆ 2016ರಲ್ಲಿ ಬಂದ ವಿಮ್ 8 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಹತ್ತಾರು ಸಾಲು ಸೆಲೆಕ್ಟ್ ಮಾಡಿ ಒಂದೇ ಸಲ ಎಲ್ಲ ಸಾಲಿನ ಮೊದಲ ಅಂಕಿಯನ್ನೂ ಏರಿಸಬಹುದು. ಕ್ಯೂ, ಬಿ. ಜಿ ಜಿ ಒತ್ತಿ ಮೇಲಕ್ಕೆ. ಕ್ಯಾಪಿಟಲ್ ವಿ, ಆಮೇಲೆ }, ಖಾಲಿ ಸಾಲಿನವರೆಗೆ ಸೆಲೆಕ್ಟ್ ಆಯಿತು. ಖಾಲಿ ಸಾಲು ಬೇಕು ಅಂದದ್ದು ಇದಕ್ಕೇ, ಇಲ್ಲದಿದ್ದರೆ ಮುಗಿದ ಕೆಲಸಕ್ಕೂ ವಯಸ್ಸಾಗುತ್ತಾ ಹೋಗುತ್ತದೆ. ಕಂಟ್ರೋಲ್-ಎ, ಕೊನೆಗೆ ಕ್ಯೂ. ದಿನಾ ಬೆಳಿಗ್ಗೆ ಒಂದು ಸಲ @ ಬಿ. ಒಂದೇ ಸಲ! ಕಾಫಿಗೆ ಮುಂಚೆ ಒಮ್ಮೆ, ಕಾಫಿ ಆದ ಮೇಲೆ ಮರೆತು ಇನ್ನೊಮ್ಮೆ ನಾನು ಎಷ್ಟೋ ಸಲ ಒತ್ತಿದ್ದೇನೆ. ಆಗ ಯು ಒತ್ತಿ ಹಿಂದಕ್ಕೆ ಬನ್ನಿ.

ಇಲ್ಲಿ ಹುಷಾರಾಗಿರಬೇಕಾದ ವಿಷಯಗಳಿವೆ. ಅಡ್ಡಗೆರೆಗೂ ಅಂಕಿಗೂ ನಡುವೆ ಸ್ಪೇಸ್ ಬಿಡಿ, ಅಂಟಿಸಿ ಬರೆದರೆ ವಿಮ್ ಅದನ್ನು ಮೈನಸ್ 3 ಅಂದುಕೊಂಡು ಮೈನಸ್ 2 ಮಾಡುತ್ತದೆ. ಕನ್ನಡ ಅಂಕಿ ೧, ೨ ಹಾಕಿದರೆ ಅದು ಅಂಕಿ ಅಂತಲೇ ಗುರುತಿಸುವುದಿಲ್ಲ. ಇನ್ನು ನನ್ನ ಕಥೆ ಕೇಳಿ. ಒಂದು ಸಾಲಿನಲ್ಲಿ ಸೊನ್ನೆ ಹಾಕೋದು ಮರೆತು 'ಕರೆಂಟ್ ಬಿಲ್ 12ರೊಳಗೆ ಕಟ್ಟು' ಅಂತ ಬರೆದಿದ್ದೆ. ಸಾಲಿನ ಮೊದಲ ಅಂಕಿ ಅದೇ ಆದ್ದರಿಂದ ಮರುದಿನ ಅದು 13 ಆಯಿತು, ಆಮೇಲೆ 14. ಇನ್ನೂ ಟೈಮ್ ಇದೆ ಅಂತ ದಿನಾ ನಿಶ್ಚಿಂತೆಯಿಂದ ನೋಡುತ್ತಿದ್ದೆ. ಕೊನೆಗೆ ದಂಡ ಸೇರಿಸಿ ಕಟ್ಟಿದೆ.

ಅದಕ್ಕೇ ಮೂರನೆಯ ಮ್ಯಾಕ್ರೊ. ಹೊಸ ಕೆಲಸವನ್ನು ಕೈಯಲ್ಲಿ ಶುರು ಮಾಡಲೇಬೇಡಿ. ಕ್ಯೂ, ಎನ್. ಜಿ ಜಿ, ಕ್ಯಾಪಿಟಲ್ ಓ, ಅಡ್ಡಗೆರೆ, ಸ್ಪೇಸ್, ಸೊನ್ನೆ, ಸ್ಪೇಸ್, ಎಸ್ಕೇಪ್, ಕ್ಯೂ. ಇನ್ನು ಮೇಲೆ @ ಎನ್ ಒತ್ತಿ, ಕ್ಯಾಪಿಟಲ್ ಎ ಒತ್ತಿ ಕೆಲಸ ಬರೆಯಿರಿ. ಕನ್ನಡದಲ್ಲಿ ಬರೆಯುವವರು ಬರೆದಾದ ಮೇಲೆ ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿ, ಇಲ್ಲದಿದ್ದರೆ ನಾರ್ಮಲ್ ಮೋಡಿನಲ್ಲಿ ಯಾವ ಕಮಾಂಡೂ ಕೇಳುವುದಿಲ್ಲ, ಸುಮ್ನೆ ಬೀಪ್ ಅನ್ನುತ್ತಾ ಕೂರುತ್ತದೆ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಅದು ಕಾಣುವುದರ ತೊಂದರೆ ಮಾತ್ರ, ಫೈಲಿಗೆ ಏನೂ ಆಗಿರುವುದಿಲ್ಲ.

ಮ್ಯಾಕ್ರೊ ಕೂರುವುದು ರಿಜಿಸ್ಟರಿನಲ್ಲಿ, ಅಂದರೆ ವಿಮ್ ಒಂದೊಂದು ಅಕ್ಷರದ ಹೆಸರಿನಲ್ಲಿ ಟೆಕ್ಸ್ಟ್ ಇಟ್ಟುಕೊಳ್ಳುವ ಜಾಗದಲ್ಲಿ. ನೀವು ಕಾಪಿ ಮಾಡಿಡುವ ರಿಜಿಸ್ಟರೂ ಅದೇ. ಎ ಒಳಗೆ ಬೇರೆ ಏನಾದರೂ ಕಾಪಿ ಮಾಡಿದಿರೋ, 'ಮುಗಿಯಿತು' ಹೋಯಿತು ಅಂತ ತಿಳಿಯಿರಿ. ಒಂದು ಕೀ ತಪ್ಪಿದ್ದರೆ ಹೊಸದಾಗಿ ರೆಕಾರ್ಡ್ ಮಾಡುವುದೇ ಸುಲಭ. ತಿದ್ದಲೇಬೇಕು ಅಂದರೆ ಖಾಲಿ ಸಾಲಿನಲ್ಲಿ " ಎ ಪಿ ಒತ್ತಿ, ಇಡೀ ಮ್ಯಾಕ್ರೊ ಅಕ್ಷರಗಳಾಗಿ ಕಣ್ಣೆದುರು ಬರುತ್ತದೆ. ತಿದ್ದಿ, ಸೊನ್ನೆ ಒತ್ತಿ, " ಎ ವೈ $ ಅಂದರೆ ವಾಪಸ್ ಒಳಗೆ ಹೋಗುತ್ತದೆ. ಬಿ ಮ್ಯಾಕ್ರೊವನ್ನು ಹೀಗೆ ತಿದ್ದುವಾಗ ಕಂಟ್ರೋಲ್-ಎ ಸೇರಿಸಬೇಕಾದರೆ ಇನ್ಸರ್ಟ್ ಮೋಡಿನಲ್ಲಿ (ಟೈಪ್ ಮಾಡುವ ಸ್ಥಿತಿ) ಮೊದಲು ಕಂಟ್ರೋಲ್-ವಿ, ಆಮೇಲೆ ಕಂಟ್ರೋಲ್-ಎ. ತಿದ್ದೋಕೆ ತಂದ ಸಾಲನ್ನು ಡಿ ಡಿ ಮಾಡೋದು ಮರೆಯಬೇಡಿ.