ಇರುವೆ ಸಾಲನ್ನು ಒರೆಸುವ ಮುನ್ನ

ಅಡುಗೆಕಟ್ಟೆಯ ಮೇಲೆ ಇರುವೆ ಸಾಲು ಕಂಡ ಕೂಡಲೇ ಕೈ ಒದ್ದೆ ಬಟ್ಟೆಯತ್ತ ಹೋಗುತ್ತದೆ. ಒರೆಸಿದರೆ ಸಾಲು ಮಾಯ. ಮರುದಿನ ಅದೇ ಜಾಗದಲ್ಲಿ ಮತ್ತೆ ಹಾಜರು. ನಮ್ಮ ಕಣ್ಣಿಗೆ ಬೀಳುವುದು ಆಹಾರ ಹುಡುಕಲು ಹೊರಟ ಕೆಲಸಗಾರ ಇರುವೆಗಳಷ್ಟೇ. ಮೊಟ್ಟೆಯಿಡುವ ರಾಣಿ ಗೂಡಿನೊಳಗೆ ನೆಮ್ಮದಿಯಾಗಿರುತ್ತಾಳೆ. ಅವಳಿಗೆ ಬಿಸಿ ತಟ್ಟುವವರೆಗೆ ಹಾವಳಿ ನಿಲ್ಲದು. ಹಾಗಾಗಿ ಬಟ್ಟೆಯನ್ನು ಸದ್ಯ ಪಕ್ಕಕ್ಕಿಡಿ.

ಮೊದಲು ಸಾಲಿನ ಬೆನ್ನು ಹತ್ತಿ. ತಿನಿಸು ಹೊತ್ತು ಮರಳುವ ಇರುವೆಗಳನ್ನು ಟಾರ್ಚ್ ಹಿಡಿದು ಹಿಂಬಾಲಿಸಿ. ನಮ್ಮ ಮನೆಯಲ್ಲಿ ಒಮ್ಮೆ ಸಕ್ಕರೆ ಡಬ್ಬಿಯಿಂದ ಹೊರಟ ಸಾಲು ಕಿಟಕಿ ಚೌಕಟ್ಟಿನ ಅಂಚಿನಲ್ಲಿ ಸಾಗಿ, ಪೆನ್ಸಿಲ್ ಮೊನೆಯೂ ತೂರದಂಥ ಬಿರುಕಿನಲ್ಲಿ ಮರೆಯಾಯಿತು. ಹೊರಗೆ ಹೋಗಿ ಹೂಕುಂಡ ಎತ್ತಿದರೆ ಅದರಡಿಯೇ ಗೂಡು! ಬಿಳಿ ಕಾಳಿನಂಥವನ್ನು ಬಾಯಲ್ಲಿ ಕಚ್ಚಿಕೊಂಡು ನೂರಾರು ಇರುವೆಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ನಾವು ಮೊಟ್ಟೆ ಎಂದುಕೊಳ್ಳುವ ಆ ಕಾಳುಗಳು ಹೆಚ್ಚಾಗಿ ಮರಿಹುಳುಗಳು ಮತ್ತು ಕೋಶಗಳು (ಮರಿಹುಳು ಇರುವೆಯಾಗಿ ಬದಲಾಗುವ ಹಂತ).

ದಾರಿ ತಿಳಿದ ಮೇಲೆ ಆಮಿಷ. ಒಂದು ಕಪ್ (ಸುಮಾರು 240 ಮಿ.ಲೀ.) ಬೆಚ್ಚಗಿನ ನೀರಿಗೆ 8 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಬೋರಿಕ್ ಪುಡಿ ಹಾಕಿ ಪೂರ್ತಿ ಕರಗಿಸಿ. ಅದರಲ್ಲಿ ಅದ್ದಿದ ಹತ್ತಿ ಉಂಡೆಯನ್ನು, ಮುಚ್ಚಳಕ್ಕೆ ತೂತು ಕೊರೆದ ಪುಟ್ಟ ಡಬ್ಬಿಯಲ್ಲಿಟ್ಟು ಸಾಲಿನ ಪಕ್ಕ ಇರಿಸಿ. ಪುಡಿ ಹೆಚ್ಚು ಹಾಕಿದರೆ ಬೇಗ ಸಾಯುತ್ತವೆ ಎಂಬ ಆಸೆ ಬೇಡ. ಇರುವೆಗಳು ಹೀರಿದ ದ್ರವವನ್ನು ಗೂಡಿನಲ್ಲಿ ಬಾಯಿಂದ ಬಾಯಿಗೆ ಹಂಚುತ್ತವೆ. ವಿಷ ಖಾರವಾದರೆ ಹೊತ್ತವೇ ದಾರಿಯಲ್ಲಿ ಸಾಯುತ್ತವೆ, ರಾಣಿಯವರೆಗೆ ತಲುಪುವುದೇ ಇಲ್ಲ. ಮನೆಯ ಬೇರೆ ಸಿಹಿಯನ್ನೆಲ್ಲ ಬಿಗಿಯಾಗಿ ಮುಚ್ಚಿಡಿ. ಮೊದಲ ದಿನ ಡಬ್ಬಿಗೆ ಮುತ್ತುವ ದಂಡು ಕಂಡು ಗಾಬರಿಯಾಗಬೇಡಿ, ಬೇಕಾಗಿರುವುದು ಅದೇ. ಉಂಡೆ ಒಣಗಿದಂತೆ ಬದಲಿಸುತ್ತಾ ಒಂದೆರಡು ವಾರ ಕಾಯಿರಿ. ಸಿಹಿಯನ್ನು ಮೂಸದೆ ಹೋದರೆ ಅವುಗಳಿಗೆ ಜಿಡ್ಡು ಬೇಕಾಗಿರಬಹುದು. ಪೀನಟ್ ಬಟರ್‌ಗೆ ಚಿಟಿಕೆ ಬೋರಿಕ್ ಪುಡಿ ಕಲಸಿ ನೋಡಿ.

ಇದು ವಿಷ ಎಂಬುದು ನೆನಪಿರಲಿ. ಡಬ್ಬಿಯ ಮೇಲೆ ಹಾಗೆಂದೇ ಬರೆಯಿರಿ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಇಡಿ. ಹತ್ತಿರದಲ್ಲಿ ಕೀಟನಾಶಕ ಸಿಂಪಡಿಸಲೇಬೇಡಿ. ಇರುವೆಗಳು ಆಮಿಷದಿಂದ ದೂರ ಸರಿಯುತ್ತವೆ. ಮನೆಯೊಳಗೆ ಕಾಣುವ ಪುಟ್ಟ ಹಳದಿ ಫೇರೋ ಇರುವೆಯಂಥ ಜಾತಿಗಳಲ್ಲಂತೂ ಬೆದರಿದ ಒಂದು ಗೂಡು ಹಲವಾಗಿ ಒಡೆಯುತ್ತದೆ.

ಸಾಲು ತೆಳುವಾಗಿ ನಿಂತ ಮೇಲೆ ಬಟ್ಟೆಯ ಸರದಿ. ಇರುವೆಗಳು ನೆಲಕ್ಕೆ ಬಳಿದ ವಾಸನೆಯ ಜಾಡು ಸಾಬೂನು ನೀರಿನಿಂದ ಒರೆಸಿದರೆ ಅಳಿಯುತ್ತದೆ. ಬಿರುಕುಗಳನ್ನು ಸಿಲಿಕೋನ್ ಸೀಲಂಟ್‌ನಿಂದ ಮುಚ್ಚಿ.

ಹೊರಗೆ, ಗೋಡೆಗೆ ತಾಗುವ ರೆಂಬೆಗಳನ್ನು ಕತ್ತರಿಸಿ. ಇರುವೆಗಳಿಗೆ ಅವು ಸೇತುವೆ. ಗಿಡಗಳಲ್ಲಿ ಸಸ್ಯಹೇನು ಇದೆಯೇ ನೋಡಿ. ಅವು ಸೂಸುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಹಸುಗಳಂತೆ ಸಾಕುತ್ತವೆ. ಜೋರಾಗಿ ನೀರು ಹಾಯಿಸಿ ತೊಳೆಯಿರಿ. ಗೂಡಿಗೆ ಕುದಿಯುವ ನೀರು ಸುರಿದರೆ ಬೇರು ಬೇಯುತ್ತದೆ, ಆಳದಲ್ಲಿರುವ ರಾಣಿ ಉಳಿಯಲೂಬಹುದು. ಮನೆಯಿಂದ ದೂರದ ಗೂಡುಗಳನ್ನು ನಾನಂತೂ ಮುಟ್ಟುವುದಿಲ್ಲ. ಅವು ಮಣ್ಣು ಸಡಿಲಿಸುತ್ತವೆ.

ರೆಕ್ಕೆಯಿರುವವು ಮನೆಯೊಳಗೆ ಕಂಡರೆ ಒಂದನ್ನು ಹಿಡಿದು ನೋಡಿ. ಬಾಗಿದ ಮೀಸೆ, ಕಿರಿದಾದ ನಡು, ಮುಂದಿನ ರೆಕ್ಕೆ ಉದ್ದವಾಗಿದ್ದರೆ ಇರುವೆ. ನೆಟ್ಟಗಿನ ಮೀಸೆ, ದಪ್ಪ ನಡು, ನಾಲ್ಕೂ ರೆಕ್ಕೆ ಸಮನಾಗಿದ್ದರೆ ಗೆದ್ದಲು. ಆಗ ಸಕ್ಕರೆ ನೀರನ್ನು ಮರೆತು, ಕೀಟ ನಿಯಂತ್ರಣದವರನ್ನು ಕರೆಸಿ.