ಟ್ರಿಮ್ ಒತ್ತೋ ಮುಂಚೆ ಸರ್ವೋ ಆರ್ಮ್ ನೋಡಿ

ರಿಮೋಟಲ್ಲಿ ಹಾರ್ಸೋ ಮಾಡೆಲ್ ಪ್ಲೇನ್ ಬಲಕ್ಕೆ ವಾಲ್ತಿದೆ ಅಂತ ರೇಡಿಯೋದಲ್ಲಿ (ಕೈಲಿರೋ ರಿಮೋಟ್) ಎಡಕ್ಕೆ ಟ್ರಿಮ್ (ಸ್ಟಿಕ್ಕಿನ ಸೆಂಟರನ್ನ ಚೂರು ಚೂರೇ ಸರಿಸೋ ಬಟನ್) ಒತ್ತಿ ಒತ್ತಿ, ಕೊನೆಗೆ ಟ್ರಿಮ್ ಅಂಚಿಗೆ ಹೋಗಿ ನಿಂತ್ರೂ ವಾಲೋದು ನಿಲ್ತಿಲ್ಲ ಅಂದ್ರೆ ತಪ್ಪು ಇರೋದು ಬೇರೆ ಕಡೆ.

ಮೊದ್ಲು ಪ್ರೊಪೆಲ್ಲರ್ ಬಿಚ್ಚಿಡಿ. ಮಿಕ್ಸ್ (ಒಂದು ಸ್ಟಿಕ್ಕಿನ ಚಲನೆಯನ್ನ ಇನ್ನೊಂದು ಚಾನಲಿಗೂ ಸೇರಿಸೋ ಸೆಟ್ಟಿಂಗ್) ಮೆನುವಲ್ಲಿ ಏನೋ ಮಾಡಕ್ಕೆ ಹೋಗಿ ಥ್ರಾಟಲ್ (ಮೋಟರ್ ವೇಗದ) ಚಾನಲ್ ಮುಟ್ಟಿದ್ರೆ ಮೋಟರ್ ತೊಡೆ ಮೇಲೇ ತಿರುಗುತ್ತೆ. ಆಮೇಲೆ ರೇಡಿಯೋ ಸ್ಕ್ರೀನಲ್ಲಿ ಯಾವ ಮಾಡೆಲಿನ ಸೆಟ್ಟಿಂಗ್ ಇದೆ ನೋಡಿ. ನಗ್ಬೇಡಿ, ನಾನು ಟ್ರೇನರ್ (ಕಲಿಯೋರ ಪ್ಲೇನ್) ಮೆಮೊರಿಲೇ ಸನ್‌ಪ್ಯಾಕ್ ಶೀಟಿನ ಫ್ಲೈಯಿಂಗ್ ವಿಂಗ್ (ಬಾಲ ಇಲ್ಲದ, ಬರೀ ರೆಕ್ಕೆಯ ಪ್ಲೇನ್) ಎಸೆದಿದ್ದೀನಿ, ಮಿಕ್ಸೇ ಇಲ್ಲ, ಸ್ಟಿಕ್ ಎಳೆದ್ರೆ ಒಂದು ಕಡೆ ಮಾತ್ರ ಎದ್ದು ಹಂಗೇ ಉರುಳಿ ಮಣ್ಣಿಗೆ ಮೂತಿ ಇಟ್ಟಿತು.

ಈಗ ಟ್ರಿಮ್, ಸಬ್‌ಟ್ರಿಮ್ (ಮೆನುವಲ್ಲಿ ಒಂದೊಂದು ಸರ್ವೋದ ಸೆಂಟರ್ ಸರಿಸೋದು) ಎಲ್ಲಾ ಸೊನ್ನೆ, ಮಿಕ್ಸ್ ಆಫ್. ಸರ್ವೋ (ಸರ್ಫೇಸ್, ಅಂದ್ರೆ ರೆಕ್ಕೆ-ಬಾಲದ ಅಲ್ಲಾಡೋ ಪಟ್ಟಿ, ತಿರುಗಿಸೋ ಪುಟ್ಟ ಮೋಟರ್) ಮೇಲಿನ ಆರ್ಮ್ ಬಿಚ್ಚಿ ಪವರ್ ಕೊಡಿ, ಸರ್ವೋ ಸೆಂಟರಿಗೆ (ಸಾಮಾನ್ಯವಾಗಿ 1500 ಮೈಕ್ರೋಸೆಕೆಂಡ್ ಸಿಗ್ನಲ್) ಬಂದು ನಿಲ್ಲುತ್ತೆ, ಆಗ ಪುಶ್‌ರಾಡಿಗೆ (ಆರ್ಮಿಂದ ಸರ್ಫೇಸಿಗೆ ಹೋಗೋ ಕಡ್ಡಿ) 90 ಡಿಗ್ರಿ ಇರೋ ಹಂಗೆ ಆರ್ಮ್ ಕೂರ್ಸಿ. ಹಲ್ಲು ಸರಿಯಾಗಿ ಬೀಳ್ಲಿಲ್ಲ ಅಂದ್ರೆ ಆರ್ಮ್ ತಿರುಗಿಸಿ ಇನ್ನೊಂದು ತುದಿ ಟ್ರೈ ಮಾಡಿ, ಉಳಿದಿದ್ದನ್ನ ರಾಡ್ ಉದ್ದದಲ್ಲಿ ಸರಿಮಾಡಿ, ಕೊನೇ ಚೂರಿಗೆ ಮಾತ್ರ ಸಬ್‌ಟ್ರಿಮ್. ಎಲ್ಲಾ ಅದ್ರಲ್ಲೇ ಎಳೆದ್ರೆ ಒಂದು ಕಡೆ ಥ್ರೋ (ಸರ್ಫೇಸ್ ಓಡಾಟ) ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಆಗುತ್ತೆ. ಸ್ಟಿಕ್ ಬಿಟ್ಟಾಗ ಸರ್ಫೇಸ್ ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ಬಂದ್ರೆ ಸರ್ವೋ ಗೇರ್ ಲೂಸ್, ಇಲ್ಲಾ ಹಿಂಜ್ ಟೈಟ್. ಅದಕ್ಕೆ ಯಾವ ಟ್ರಿಮ್ಮೂ ಮದ್ದಲ್ಲ.

ಫ್ಲೈಯಿಂಗ್ ವಿಂಗಿನ ಎಲೆವಾನ್ (ಮೂತಿ ಏರಿಳಿಸೋದು, ಪಕ್ಕಕ್ಕೆ ವಾಲ್ಸೋದು ಎರಡನ್ನೂ ಮಾಡೋ ಜೋಡಿ ಸರ್ಫೇಸ್) ಮಿಕ್ಸ್ ಎಲ್ರಿಗೂ ತಲೆ ತಿನ್ನೋದು. ಮಿಕ್ಸ್ ಮತ್ತೆ ಆನ್ ಮಾಡಿ, ಪ್ಲೇನ್ ಹಿಂದೆ ನಿಂತು ನೋಡಿ: ಸ್ಟಿಕ್ ನಿಮ್ಮ ಕಡೆ ಎಳೆದ್ರೆ ಎರಡೂ ಮೇಲೆ, ಬಲಕ್ಕೆ ಒತ್ತಿದ್ರೆ ಬಲದ್ದು ಮೇಲೆ ಎಡದ್ದು ಕೆಳಗೆ. ಎಳೆದಾಗ ಒಂದು ಮೇಲೆ ಒಂದು ಕೆಳಗೆ ಹೋದ್ರೆ ಒಂದೇ ಒಂದು ಸರ್ವೋ ಔಟ್‌ಪುಟ್ ರಿವರ್ಸ್ ಮಾಡಿ ಮತ್ತೆ ನೋಡಿ. ಪಿಚ್ (ಮೂತಿ ಏರಿಳಿಯೋದು), ರೋಲ್ (ಪಕ್ಕಕ್ಕೆ ವಾಲೋದು) ಎರಡೂ ಉಲ್ಟಾ ಇದ್ರೆ ಎರಡನ್ನೂ ರಿವರ್ಸ್ ಮಾಡಿ. ಎರಡ್ರಲ್ಲಿ ಒಂದು ಸರಿ, ಇನ್ನೊಂದು ಮಾತ್ರ ಉಲ್ಟಾ ಅಂದ್ರೆ ರಿಸೀವರಲ್ಲಿ (ಪ್ಲೇನಲ್ಲಿರೋ ಸಿಗ್ನಲ್ ಹಿಡಿಯೋ ಡಬ್ಬಿ) ಎರಡು ಪ್ಲಗ್ ಅದಲು ಬದಲು ಮಾಡಿ ಮತ್ತೆ ನೋಡಿ. ಸರ್ವೋ ಕೂರ್ಸಿರೋ ದಿಕ್ಕಿನ ಮೇಲೆ ಕೆಲವು ಸಲ ಅಷ್ಟೇ ಸಾಕು; ಈಗ ಎರಡೂ ಉಲ್ಟಾ ಬಂದ್ರೆ ಎರಡನ್ನೂ ರಿವರ್ಸ್ ಮಾಡಿ. ಮಿಕ್ಸಲ್ಲಿ ಪಿಚ್-ರೋಲ್ ಪರ್ಸೆಂಟ್ 50-50 ಇಂದ ಶುರು ಮಾಡಿ; 70-70 ಇಟ್ಟು ಸ್ಟಿಕ್ ಮೂಲೆಗೆ ಒತ್ತಿದ್ರೆ 140 ಆಗುತ್ತೆ, ಸರ್ವೋ 100ಕ್ಕೇ ನಿಂತ್ಬಿಡುತ್ತೆ, ಜೋರಾಗಿ ಎಳೆದಿರುವಾಗ ರೋಲ್ ಅರ್ಧಂಬರ್ಧ ಆಗೋದು ಇದಕ್ಕೇ. ಅಂದಂಗೆ ಫ್ಲೈಯಿಂಗ್ ವಿಂಗಲ್ಲಿ ಎಲೆವಾನ್ ಸೆಂಟರಲ್ಲೂ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ಮೇಲಿರ್ಬೇಕು, ಅದನ್ನ ಸೊಟ್ಟ ಅಂದ್ಕೊಂಡು ನೇರ ಮಾಡ್ಬೇಡಿ.

ಎಡ್ಜ್‌ಟಿಎಕ್ಸ್ ಸಾಫ್ಟ್‌ವೇರ್ ಇರೋ ರೇಡಿಯೋದಲ್ಲಿ ಥ್ರಾಟಲ್ ಟು ಎಲಿವೇಟರ್ (ಮೂತಿ ಏರಿಳಿಸೋ ಬಾಲದ ಪಟ್ಟಿ) ಮಿಕ್ಸ್ ಹಾಕಿದ ಮೇಲೆ ಥ್ರಾಟಲ್ ಪೂರ್ತಿ ಕೆಳಗಿದ್ದಾಗ್ಲೂ ಎಲಿವೇಟರ್ ಸರಿದಿರುತ್ತಾ? ಅಲ್ಲಿ ಥ್ರಾಟಲ್ ಸೊನ್ನೆಯಿಂದ ಅಲ್ಲ, ಮೈನಸ್ 100 ಇಂದ ಶುರು. ಆಫ್‌ಸೆಟ್ ಇಲ್ಲಾ ಕರ್ವ್ ಹಾಕಿ. ಆದ್ರೆ ಥ್ರಾಟಲ್ ಕೊಟ್ಟಾಗ ಮಾತ್ರ ಮೂತಿ ಏಳುತ್ತೆ ಅಂದ್ರೆ ನಾನಂತೂ ಮಿಕ್ಸಿಗೆ ಮುಂಚೆ ಮೋಟರ್ ಮೌಂಟಿನ ಮೇಲಿನ ಸ್ಕ್ರೂ ಹಿಂದೆ ಒಂದು ವಾಷರ್ ಇಟ್ಟು ಮೋಟರನ್ನ ಚೂರು ಕೆಳಕ್ಕೆ ಬಗ್ಗಿಸ್ತೀನಿ. ಮೋಟರ್ ಆರ್ಮೇ (ತಿರುಗೋಕೆ ರೆಡಿ) ಆಗದೆ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಸರ್ಕ್ಯೂಟ್) ಬೀಪ್ ಬೀಪ್ ಅಂತಿದ್ರೆ ಥ್ರಾಟಲ್ ಟ್ರಿಮ್ ಮೇಲಕ್ಕೆ ಸರಿದಿರ್ಬಹುದು, ಪೂರ್ತಿ ಕೆಳಗಿಳಿಸಿ.

ಇಷ್ಟಾದ್ಮೇಲೆ ಗಾಳಿ ಇಲ್ಲದ ಬೆಳಗ್ಗೆ ಅರ್ಧ ಥ್ರಾಟಲಲ್ಲಿ ಹಾರಿಸಿ ಟ್ರಿಮ್ ಮಾಡಿ. ಇಳಿದ್ಮೇಲೆ ಸರ್ಫೇಸ್ ಎಷ್ಟು ಮಿಲಿಮೀಟರ್ ಸರಿದಿದೆ ಅಂತ ಸ್ಕೇಲ್ ಇಟ್ಟು ಅಳೆದು, ಟ್ರಿಮ್ ಸೊನ್ನೆಗೆ ತಂದು, ಅಷ್ಟೇ ಅಳತೆಗೆ ರಾಡ್ ಸರಿಮಾಡ್ಕೊಳ್ಳಿ.